ಪೆನ್ಸಿಲ್ ಚುಕ್ಕೆಗಳ ಹಿಂದಿನ ಮೇಷ್ಟ್ರು

ಮಕ್ಕಳೇ, ಅಮೆರಿಕದ ಶಾಲೆಗಳಲ್ಲಿ ಓದುವ ನಿಮಗೆ ಆ ಪುಟ್ಟ ವೃತ್ತಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಒಂದು ಪ್ರಶ್ನೆಗೆ ನಾಲ್ಕು ಉತ್ತರ. ಸರಿ ಎನಿಸಿದ ಉತ್ತರದ ವೃತ್ತವನ್ನು ನಂಬರ್ 2 ಪೆನ್ಸಿಲಿನಿಂದ ತುಂಬಬೇಕು, ಅಂಚು ದಾಟಬಾರದು, ಮನಸ್ಸು ಬದಲಾದರೆ ಪೂರ್ತಿ ಅಳಿಸಬೇಕು. ಊರಿನಲ್ಲಿ ಸಿಇಟಿ ಬರೆದ ನಿಮ್ಮ ಚಿಕ್ಕಪ್ಪನ, ಸೋದರತ್ತೆಯ ಮಕ್ಕಳನ್ನು ಕೇಳಿ ನೋಡಿ. ಓಎಂಆರ್ ಶೀಟು ಎಂದರೆ ಅವರಿಗೂ ಗೊತ್ತು, ಅಲ್ಲಿ ಬಾಲ್ ಪೆನ್ನಿನಿಂದ ತುಂಬುತ್ತಾರೆ. ಈ ವೃತ್ತಗಳನ್ನು ಬೆಳಕಿನಿಂದ ಓದುವ ಯಂತ್ರ, ನಿಮ್ಮಲ್ಲಿ ಕೆಲವರು ಬರೆದಿರುವ ಅಯೋವಾ ಪರೀಕ್ಷೆ, ಹೈಸ್ಕೂಲಿನ ಅಣ್ಣ ಅಕ್ಕಂದಿರು ಬರೆಯುವ ಎಸಿಟಿ, ಈ ಮೂರರ ಹಿಂದೆಯೂ ಒಬ್ಬರೇ ಪ್ರೊಫೆಸರ್ ಇದ್ದಾರೆ. ಅವರ ಹೆಸರು ಎವರೆಟ್ ಫ್ರಾಂಕ್ಲಿನ್ ಲಿಂಡ್‌ಕ್ವಿಸ್ಟ್.

ಅವರು ಹುಟ್ಟಿದ್ದು 1901ರಲ್ಲಿ, ಅಯೋವಾ ರಾಜ್ಯದ ಗೌರಿ ಎಂಬ ಸಣ್ಣ ಊರಿನಲ್ಲಿ. (ಹೌದು, ನಮ್ಮ ಗೌರಿಹಬ್ಬದ ಗೌರಿಯಂತೆಯೇ ಕೇಳಿಸುವ ಹೆಸರು!) ಸುತ್ತಲೂ ಮೆಕ್ಕೆಜೋಳದ ಹೊಲಗಳ ನಾಡು. ಇಲಿನಾಯ್ ರಾಜ್ಯದ ಅಗಸ್ಟಾನಾ ಕಾಲೇಜಿನಲ್ಲಿ ಪದವಿ ಪಡೆದು, 1927ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದರು. ಆಮೇಲೆ ಅಲ್ಲಿಯೇ ಪಾಠ ಮಾಡಲು ನಿಂತರು. ವೃತ್ತಿಜೀವನವನ್ನೆಲ್ಲ ಕಳೆದದ್ದು ಅದೇ ಊರಿನಲ್ಲಿ, ಅಯೋವಾ ಸಿಟಿಯಲ್ಲಿ.

1929ರಲ್ಲಿ ವಿಶ್ವವಿದ್ಯಾಲಯ ಒಂದು ಸ್ಪರ್ಧೆ ಏರ್ಪಡಿಸಿತು. ಆಟೋಟದ ಪಂದ್ಯಗಳಿರುವ ಹಾಗೆ ಪಾಠದಲ್ಲೂ ಪಂದ್ಯ ಏಕೆ ಬೇಡ ಎಂಬುದು ಅದರ ಹಿಂದಿನ ಯೋಚನೆ. ಶಾಲೆಯಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ಅಯೋವಾ ಸಿಟಿಗೆ. ಜನ ಇದನ್ನು ಬುದ್ಧಿವಂತರ ಕುದುರೆ ಪಂದ್ಯ ಎಂಬಂತೆ ‘ಬ್ರೇನ್ ಡರ್ಬಿ’ ಎಂದು ಕರೆದರು. ಪ್ರಶ್ನೆಪತ್ರಿಕೆ ತಯಾರಿಸುವ ಹೊಣೆ ಬಿದ್ದದ್ದು ತರುಣ ಲಿಂಡ್‌ಕ್ವಿಸ್ಟ್ ಅವರ ಮೇಲೆ.

ಈ ಪಂದ್ಯ ಅಲ್ಲಿಗೇ ನಿಂತಿದ್ದರೆ ಇಂದು ಅವರ ಬಗ್ಗೆ ಬರೆಯುವ ಕಾರಣ ಇರುತ್ತಿರಲಿಲ್ಲ. ಗೆದ್ದ ಕೆಲವರಿಗೆ ಪದಕ ಸಿಕ್ಕಿತು, ಸರಿ. ಉಳಿದ ಸಾವಿರಾರು ಮಕ್ಕಳ ಕಥೆ ಏನು? ಯಾರಿಗೆ ಏನು ಬರುತ್ತದೆ, ಯಾರು ಎಲ್ಲಿ ತಡವರಿಸುತ್ತಿದ್ದಾರೆ ಎಂಬುದು ಅವರ ಮೇಷ್ಟರಿಗೆ ತಿಳಿಯಬೇಡವೇ? ಲಿಂಡ್‌ಕ್ವಿಸ್ಟ್ ಅವರ ಗಮನ ಗೆದ್ದವರಿಂದ ಎಲ್ಲರ ಕಡೆಗೆ ತಿರುಗಿತು. ಸ್ಪರ್ಧೆ ಹಿಂದೆ ಸರಿದು, ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆಯುವ ಪರೀಕ್ಷೆ ಮುಂದೆ ಬಂತು. ಶಾಲೆಗಳು ತಾವಾಗಿಯೇ ಒಪ್ಪಿ ಸೇರುತ್ತಿದ್ದವು, ಸರ್ಕಾರದ ಕಡ್ಡಾಯ ಇರಲಿಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ದೊಡ್ಡದಾಗಿ ಕಾಣುವುದು ಯಂತ್ರವಲ್ಲ, ಈ ತಿರುವು. ರ‍್ಯಾಂಕಿನ ಹಂಬಲ ನಮ್ಮ ಮನೆಗಳಲ್ಲಿ ಎಷ್ಟು ಗಟ್ಟಿ ಎಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

1935ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಇನ್ನೂ ಕೆಳಗಿನ ತರಗತಿಗಳಿಗೆ ಒಂದು ಪರೀಕ್ಷೆ ರೂಪಿಸಿದರು. ಮೊದಲು 6ರಿಂದ 8ನೇ ತರಗತಿಗೆ, ಆಮೇಲೆ 3ನೇ ತರಗತಿಯವರೆಗೂ ಇಳಿಯಿತು. ಅದೇ ಅಯೋವಾ ಪರೀಕ್ಷೆ. ಅದರಲ್ಲಿ ರಾಜಧಾನಿಗಳ ಹೆಸರು, ಯುದ್ಧಗಳ ಇಸವಿ ಕೇಳುತ್ತಿರಲಿಲ್ಲ. ಓದಿದ್ದು ಅರ್ಥವಾಯಿತೇ, ಲೆಕ್ಕ ಬರುತ್ತದೆಯೇ, ಭಾಷೆಯನ್ನು ಸರಿಯಾಗಿ ಬಳಸಬಲ್ಲೆಯಾ, ನಕ್ಷೆ ನೋಡಿ ದಾರಿ ಹೇಳಬಲ್ಲೆಯಾ, ನಿಘಂಟಿನಲ್ಲಿ ಪದ ಹುಡುಕಬಲ್ಲೆಯಾ ಎಂಬಂಥ ಪ್ರಶ್ನೆಗಳು. ಮುಂದಿನ ಕಲಿಕೆಗೆಲ್ಲ ಬೇಕಾಗುವ ಕೌಶಲಗಳು.

ಒಳ್ಳೆಯ ಪ್ರಶ್ನೆ ತಯಾರಿಸುವುದು ಎಷ್ಟು ಕಷ್ಟ ಎಂದು ನೋಡೋಣ. 402ರಿಂದ 178 ಕಳೆಯಿರಿ. ಉತ್ತರಗಳು: 224, 234, 334, 376. ಸರಿ ಉತ್ತರ 224. ಉಳಿದ ಮೂರು ತೋಚಿದಂತೆ ಗೀಚಿದ ಸಂಖ್ಯೆಗಳಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವ ಮಗುವಿಗೆ 376 ಬರುತ್ತದೆ. ನೂರರ ಸ್ಥಾನದಿಂದ ಸಾಲ ತಂದು, ಹತ್ತರ ಸ್ಥಾನ ಬಿಡಿಗೆ ಸಾಲ ಕೊಟ್ಟದ್ದನ್ನು ಮರೆತವರಿಗೆ 234. ಸಾಲ ತೆಗೆದುಕೊಂಡು ಎಲ್ಲಿಯೂ ಕಡಿಮೆ ಮಾಡದವರಿಗೆ 334. ಅಂದರೆ ತಪ್ಪು ಉತ್ತರವೂ ಟೀಚರಿಗೆ ಒಂದು ಸುದ್ದಿ ಹೇಳುತ್ತದೆ. ತರಗತಿಯ ಅರ್ಧ ಮಕ್ಕಳು 334 ತುಂಬಿದ್ದರೆ ನಾಳೆ ಯಾವ ಪಾಠವನ್ನು ಮತ್ತೆ ಮಾಡಬೇಕು ಎಂದು ಆಕೆಗೆ ಗೊತ್ತಾಗುತ್ತದೆ. ಇಂಥ ಪ್ರಶ್ನೆಗಳನ್ನು ಮೊದಲು ಸ್ವಲ್ಪ ಮಕ್ಕಳಿಗೆ ಕೊಟ್ಟು ನೋಡುತ್ತಾರೆ. ಎಲ್ಲರೂ ಸರಿ ಮಾಡಿದರೆ ಆ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ವಿಷಯ ಚೆನ್ನಾಗಿ ಬಲ್ಲವರೇ ಎಡವುತ್ತಿದ್ದರೆ ಪ್ರಶ್ನೆಯಲ್ಲೇ ದೋಷವಿರಬಹುದು, ಅದನ್ನು ತೆಗೆಯುತ್ತಾರೆ ಅಥವಾ ತಿದ್ದುತ್ತಾರೆ. ಶೈಕ್ಷಣಿಕ ಮಾಪನ ಎಂಬ ಶಾಸ್ತ್ರದ ದಿನನಿತ್ಯದ ಕೆಲಸ ಇದು. 1951ರಲ್ಲಿ ಲಿಂಡ್‌ಕ್ವಿಸ್ಟ್ ಸಂಪಾದಿಸಿದ ‘ಎಜುಕೇಷನಲ್ ಮೆಷರ್‌ಮೆಂಟ್’ ಈ ಶಾಸ್ತ್ರದ ಆಕರಗ್ರಂಥವಾಯಿತು. ಮುಂದಿನ ತಲೆಮಾರಿನ ವಿದ್ವಾಂಸರು ಅದಕ್ಕೆ ಹೊಸ ಆವೃತ್ತಿಗಳನ್ನು ತಂದಿದ್ದಾರೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಶಾಲೆ ಬಿಟ್ಟು ಸೇನೆಗೆ ಹೋದ ಯುವಕರು ಲೆಕ್ಕವಿಲ್ಲದಷ್ಟು. ಯುದ್ಧ ಮುಗಿಸಿ ಬಂದವರು ಮತ್ತೆ ಹುಡುಗರ ನಡುವೆ ಬೆಂಚಿನ ಮೇಲೆ ಕೂರಬೇಕೇ? ಅವರು ಹೈಸ್ಕೂಲು ಮುಗಿಸಿದವರಷ್ಟು ಬಲ್ಲರೇ ಎಂದು ಅಳೆಯಲು 1942ರಲ್ಲಿ ಜಿಇಡಿ ಪರೀಕ್ಷೆಯ ಕೆಲಸ ಆರಂಭವಾಯಿತು. ಲಿಂಡ್‌ಕ್ವಿಸ್ಟ್ ಹೈಸ್ಕೂಲಿಗೆಂದು ಅದಾಗಲೇ ರೂಪಿಸಿದ್ದ ಪರೀಕ್ಷೆಯೇ ಅದಕ್ಕೆ ಮಾದರಿ. ಓದು ಅರ್ಧಕ್ಕೆ ನಿಂತ ದೊಡ್ಡವರಿಗೆ ಅದು ಇಂದಿಗೂ ಎರಡನೇ ಬಾಗಿಲು.

ಇನ್ನು ಯಂತ್ರ. ಲಕ್ಷಾಂತರ ಹಾಳೆಗಳನ್ನು ಕೈಯಲ್ಲಿ ತಿದ್ದುವುದೆಂದರೆ ತಿಂಗಳುಗಳ ಕೆಲಸ. ಆಗ ಐಬಿಎಂ ಕಂಪನಿಯ 805 ಎಂಬ ಯಂತ್ರ ಇತ್ತು. ಅದರ ಮೂಲ ಕಲ್ಪನೆ ರೇನಾಲ್ಡ್ ಜಾನ್ಸನ್ ಎಂಬ ಮಿಷಿಗನ್ ಹೈಸ್ಕೂಲು ಮೇಷ್ಟರದು. (ಮುಂದೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಂಡುಹಿಡಿದ ತಂಡದ ಮುಖ್ಯಸ್ಥರೂ ಇವರೇ!) ಪೆನ್ಸಿಲಿನ ಗ್ರಾಫೈಟಿನ ಮೂಲಕ ವಿದ್ಯುತ್ ಹರಿಯುತ್ತದೆಯಲ್ಲ, 805 ಗುರುತುಗಳನ್ನು ಓದುತ್ತಿದ್ದದ್ದು ಹಾಗೆ. ಆದರೆ ಅದಕ್ಕೆ ಬೇರೆಯದೇ ಪೆನ್ಸಿಲು ಬೇಕು, ವೇಗವೂ ಸಾಲದು. ಲಿಂಡ್‌ಕ್ವಿಸ್ಟ್ ಬೆಳಕನ್ನು ಆರಿಸಿಕೊಂಡರು. ಬೆಳಕು ಬಿದ್ದಾಗ ತುಂಬಿದ ವೃತ್ತ ಕಪ್ಪಾಗಿ ಕಾಣುತ್ತದೆ, ಖಾಲಿ ವೃತ್ತ ಬೆಳ್ಳಗೆ. ಆ ವ್ಯತ್ಯಾಸವನ್ನು ಬೆಳಕು ಗ್ರಹಿಸುವ ನಳಿಕೆಗಳು ವಿದ್ಯುತ್ ಸಂಕೇತವಾಗಿ ಬದಲಿಸುತ್ತವೆ, ಯಂತ್ರ ಎಣಿಸುತ್ತದೆ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1962ರಲ್ಲಿ ಅದು ಮಂಜೂರಾಯಿತು. ಗಂಟೆಗೆ ಸಾವಿರಗಟ್ಟಲೆ ಹಾಳೆ ಮುಗಿಯತೊಡಗಿದ ಮೇಲೆ ಫಲಿತಾಂಶ ಬೇಗ ಶಾಲೆ ತಲುಪಿತು. ವರ್ಷ ಮುಗಿದ ಮೇಲೆ ಬರುವ ಫಲಿತಾಂಶದಿಂದ ಆ ವರ್ಷದ ಮಕ್ಕಳಿಗೆ ಏನು ಪ್ರಯೋಜನ?

1959ರ ನವೆಂಬರ್ 7ರಂದು ಎಸಿಟಿ ಮೊದಲ ಬಾರಿಗೆ ನಡೆಯಿತು. ಅಯೋವಾ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿದ್ದ ಟೆಡ್ ಮೆಕ್‌ಕ್ಯಾರೆಲ್ ಅವರ ಜೊತೆಗೂಡಿ ಲಿಂಡ್‌ಕ್ವಿಸ್ಟ್ ಇದನ್ನು ಕಟ್ಟಿದರು. ಕಾಲೇಜು ಸೇರುವವರು ಬರೆಯುವ ಇನ್ನೊಂದು ಪರೀಕ್ಷೆ, 1926ರಲ್ಲಿ ಶುರುವಾಗಿದ್ದ ಎಸ್‌ಎಟಿ, ಬುದ್ಧಿಶಕ್ತಿ ಪರೀಕ್ಷೆಗಳ ಬೇರಿನಿಂದ ಬೆಳೆದದ್ದು. ಲಿಂಡ್‌ಕ್ವಿಸ್ಟ್ ಅವರ ದಾರಿ ಬೇರೆ: ಹುಟ್ಟಿನಿಂದ ಬಂದ ಚುರುಕನ್ನು ಬಿಟ್ಟು ಶಾಲೆಯಲ್ಲಿ ದುಡಿದು ಕಲಿತದ್ದನ್ನು ಅಳೆಯಿರಿ. ಮೊದಲ ಎಸಿಟಿಯಲ್ಲಿ ಇಂಗ್ಲಿಷ್, ಗಣಿತ, ಸಮಾಜ, ವಿಜ್ಞಾನ ಎಂದು ನಾಲ್ಕು ಭಾಗ. ಆಮೇಲೆ ಅದು ಹಲವು ಸಲ ಬದಲಾಗಿದೆ, 36 ಎಂಬ ತುತ್ತತುದಿಯ ಅಂಕ ಮಾತ್ರ ಹಾಗೆಯೇ ಇದೆ.

ಈಗ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗುವಿನ ವರದಿಯಲ್ಲಿ ಪರ್ಸೆಂಟೈಲ್ 70 ಎಂದಿದ್ದರೆ ಅದು ನೂರಕ್ಕೆ ಎಪ್ಪತ್ತು ಅಂಕ ಅಲ್ಲ. ದೇಶದ ಅದೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು ಎಪ್ಪತ್ತು ಮಕ್ಕಳಿಗಿಂತ ನಿಮ್ಮ ಮಗು ಮುಂದಿದೆ ಎಂದು ಅರ್ಥ. ‘ಬರೀ ಎಪ್ಪತ್ತೇ?’ ಎಂದು ಮುಖ ಸಪ್ಪಗೆ ಮಾಡಿದರೆ ಮಗುವಿಗೆ ಅನ್ಯಾಯ. 50 ಬಂದರೂ ಅದು ನಡುಮಟ್ಟ, ಫೇಲಿನ ಅಂಚಲ್ಲ. ಇನ್ನೂ ಒಂದು: ಅದೇ ಮಗು ಇನ್ನೊಂದು ದಿನ ಬರೆದರೆ ಅಂಕ ತುಸು ಹೆಚ್ಚು ಕಡಿಮೆ ಆಗುವುದು ಸಹಜ. ಅಳತೆಯಲ್ಲಿ ಇಷ್ಟು ಅನಿಶ್ಚಯ ಇದ್ದೇ ಇರುತ್ತದೆ ಎನ್ನುವುದನ್ನು ಮಾಪನಶಾಸ್ತ್ರವೇ ಲೆಕ್ಕ ಹಾಕಿ ಹೇಳುತ್ತದೆ. ಒಂದೆರಡು ಅಂಕದ ವ್ಯತ್ಯಾಸ ಹಿಡಿದು ಪಕ್ಕದ ಮನೆಯ ಹುಡುಗಿಯ ಜೊತೆ ಹೋಲಿಸುವವರಿಗೆ ಈ ಶಾಸ್ತ್ರದ ಬೆಂಬಲ ಇಲ್ಲ.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗೆ ಎಟುಕದ ಸಂಗತಿಗಳು ಬಹಳ. ನೀವು ಬರೆದ ಕಥೆ, ಕಟ್ಟಿದ ಮಾದರಿ, ವೇದಿಕೆಯ ಮೇಲೆ ಆಡಿದ ಮಾತು ಆ ವೃತ್ತಗಳೊಳಗೆ ಹಿಡಿಸುವುದಿಲ್ಲ. ಕಲಿಕೆಯ ಕೊನೆಯ ಗುರಿ ಏನೋ ಅದನ್ನೇ ಆದಷ್ಟು ನೇರವಾಗಿ ಅಳೆಯಬೇಕು ಎಂದು 1951ರ ಗ್ರಂಥದಲ್ಲಿ ಲಿಂಡ್‌ಕ್ವಿಸ್ಟ್ ಸ್ವತಃ ವಾದಿಸಿದ್ದರು.

ಅವರು 1978ರಲ್ಲಿ ತೀರಿಕೊಂಡರು. ಅಯೋವಾ ಸಿಟಿಯ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಭಾಗದ ಕಟ್ಟಡಕ್ಕೆ ಅವರದೇ ಹೆಸರು, ಲಿಂಡ್‌ಕ್ವಿಸ್ಟ್ ಸೆಂಟರ್. ಆ ಕಡೆ ಪ್ರವಾಸ ಹೋದರೆ ನೋಡಿ ಬನ್ನಿ. ಮುಂದಿನ ಸಲ ಪರೀಕ್ಷೆಯ ವರದಿ ಮನೆಗೆ ಬಂದಾಗ ಮೇಲಿನ ದೊಡ್ಡ ಅಂಕಿಯಲ್ಲೇ ನಿಲ್ಲಬೇಡಿ. ಕೆಳಗೆ ಕೌಶಲಗಳನ್ನು ಒಂದೊಂದಾಗಿ ಬರೆದಿರುತ್ತಾರೆ. ಅಪ್ಪ ಅಮ್ಮನ ಜೊತೆ ಕೂತು ಆ ಸಾಲುಗಳನ್ನು ಓದಿ, ಎಲ್ಲಿ ತಡವರಿಸಿದ್ದೀರೋ ಅದನ್ನು ಮರುದಿನ ನಿಮ್ಮ ಟೀಚರಿಗೆ ತೋರಿಸಿ ಕೇಳಿ.