ಹಲಗೆಯನ್ನು ಬಂದವರಿಗೆ ಬಿಟ್ಟ ಕಲಾವಿದ: ಜಿರೋ ಯೋಶಿಹಾರ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ದಾಸವಾಳದ ಭಾಗಗಳ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ನಾನು ಬರೆದ ಐದು ಎಸಳಿನ ಚಿತ್ರವನ್ನು ಎಲ್ಲರೂ ಹಾಗೆಯೇ ಇಳಿಸಿಕೊಂಡರು. ಒಬ್ಬ ಹುಡುಗ ಮಾತ್ರ ತನ್ನ ಮನೆಯಂಗಳದ, ಎಸಳು ತುಂಬಿದ ದಾಸವಾಳವನ್ನು ಬರೆದಿದ್ದ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಅದೇ ವಾರ, ಶಿಕ್ಷಣದಲ್ಲಿ ಕಲೆ ವಿಷಯದ ಸೆಮಿನಾರಿಗಾಗಿ ಜಪಾನಿನ ಚಿತ್ರಕಾರ ಜಿರೋ ಯೋಶಿಹಾರ ಅವರ ಬಗ್ಗೆ ಓದಿದೆ.

ಯೋಶಿಹಾರ 1905ರಲ್ಲಿ ಒಸಾಕಾದ ಅಡುಗೆ ಎಣ್ಣೆ ವ್ಯಾಪಾರಿಗಳ ಮನೆತನದಲ್ಲಿ ಹುಟ್ಟಿದರು. ಚಿತ್ರಕಲೆಯನ್ನು ತಾವಾಗಿಯೇ ಕಲಿತು, ಎಣ್ಣೆ ವ್ಯಾಪಾರದ ಜೊತೆಗೇ ಚಿತ್ರ ಬರೆದರು. ಯೌವನದಲ್ಲಿ ಹಿರಿಯ ಕಲಾವಿದ ಫುಜಿತಾ ಅವರಿಗೆ ತಮ್ಮ ಚಿತ್ರಗಳನ್ನು ತೋರಿಸಿದಾಗ, ಅವುಗಳಲ್ಲಿ ಬೇರೆಯವರ ಛಾಯೆಯೇ ಹೆಚ್ಚು ಎಂಬ ಟೀಕೆ ಬಂತು. ಸ್ವಂತಿಕೆಯೇ ಮುಂದೆ ಅವರ ಬದುಕಿನ ಪಾಠವಾಯಿತು.

ಎರಡನೇ ಮಹಾಯುದ್ಧದ ನಂತರ ಅನೇಕ ತರುಣ ಕಲಾವಿದರು ಅವರ ಬಳಿ ಬಂದರು. 1954ರಲ್ಲಿ ಆಶಿಯಾ ಎಂಬಲ್ಲಿ ಅವರ ನಾಯಕತ್ವದಲ್ಲಿ ಗುತಾಯಿ ಕಲಾ ಸಂಘ ಹುಟ್ಟಿತು. ಗುತಾಯಿ ಎಂದರೆ ಮೂರ್ತವಾದದ್ದು. ಯಾರನ್ನೂ ಅನುಕರಿಸದೆ, ಹಿಂದೆ ಯಾರೂ ಮಾಡದ್ದನ್ನು ಮಾಡಬೇಕೆಂಬುದು ಅವರು ಶಿಷ್ಯರಿಗೆ ಹಾಕಿದ ನಿಯಮ. 1955ರ ಟೋಕಿಯೋ ಪ್ರದರ್ಶನದಲ್ಲಿ ಶಿರಾಗಾ ಕೆಸರಿನಲ್ಲಿ ಹೊರಳಾಡಿದರು, ಮುರಕಾಮಿ ಕಾಗದದ ಪರದೆಗಳನ್ನು ಮೈಯಿಂದಲೇ ಹರಿದು ದಾಟಿದರು. 1956ರಲ್ಲಿ ಅತ್ಸುಕೊ ತನಾಕಾ ಬಣ್ಣದ ವಿದ್ಯುತ್ ಬಲ್ಬುಗಳ ಉಡುಪು ತೊಟ್ಟರು.

ಅದೇ ವರ್ಷ ಆಶಿಯಾದ ಉದ್ಯಾನದ ಪ್ರದರ್ಶನದಲ್ಲಿ ಯೋಶಿಹಾರ ದೊಡ್ಡ ಹಲಗೆಯೊಂದನ್ನು ನಿಲ್ಲಿಸಿ, ಬಂದವರೆಲ್ಲ ಇಷ್ಟಬಂದದ್ದನ್ನು ಬರೆಯಲಿ ಎಂದು ಬಿಟ್ಟರು. ಮಕ್ಕಳೂ ಅದರ ಮೇಲೆ ಗೀಚಿದರು. ಇದನ್ನು ಓದಿದಾಗ ನನ್ನ ಹಲಗೆ ನೆನಪಾಗಿ ನಾಚಿಕೆಯಾಯಿತು.

ಆದರೂ ಯೋಶಿಹಾರ ಮೃದು ಗುರುವಲ್ಲ. ಶಿಷ್ಯರು ತಂದ ಕೃತಿಯನ್ನು ನೋಡಿ ಒಪ್ಪಿಗೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತಿದ್ದರು, ಕಾರಣ ಬಿಡಿಸಿ ಹೇಳುತ್ತಿರಲಿಲ್ಲ. 1972ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ಸಂಘವೂ ಮುಚ್ಚಿತು. ಅನುಕರಣೆ ಬೇಡ ಎಂದು ಕಲಿಸಿದ ಗುರುವನ್ನೇ ಶಿಷ್ಯರು ಅಷ್ಟೊಂದು ನೆಚ್ಚಿಕೊಂಡಿದ್ದರು. ನಮ್ಮ ವೃತ್ತಿಗೆ ಇದೂ ಒಂದು ಎಚ್ಚರಿಕೆ.

ಸೆಮಿನಾರ್ ಮುಗಿದ ಮರುದಿನ ಆ ಹುಡುಗನಿಗೆ ಹೂವು ತರಲು ಹೇಳಿದೆ. ತರಗತಿಯಲ್ಲೇ ಬಿಡಿಸಿ ನೋಡಿದೆವು. ಕೇಸರಗಳು ಎಸಳಿನಂತೆ ಬದಲಾಗಿದ್ದವು. ಅವನ ಚಿತ್ರಕ್ಕೆ ಸರಿ ಗುರುತು ಹಾಕಿ, ಯಾಕೆ ಸರಿ ಎಂದೂ ಎಲ್ಲರಿಗೂ ವಿವರಿಸಿದೆ. ಈಗ ನನ್ನ ಪಾಠ ಯೋಜನೆಯಲ್ಲಿ ಹಲಗೆ ಚಿತ್ರಕ್ಕೆ ಮೊದಲು, ಮಕ್ಕಳು ತಾವೇ ಹೂವು ನೋಡಿ ಬರೆಯಲು 10 ನಿಮಿಷ ಇಟ್ಟಿದ್ದೇನೆ.