ಒಂದು ಬಾಟಲಿ, 19 ಸಾವು: ಪ್ಲೇಗ್ ಲಸಿಕೆ ಕೊಟ್ಟ ವಿಜ್ಞಾನಿಯನ್ನೇ ಬಲಿಪಶು ಮಾಡಿದ ಕಥೆ

2020ರಲ್ಲಿ ಕೊರೊನಾ ಹಬ್ಬಿದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಕೈಗೆತ್ತಿಕೊಂಡ ಕಾನೂನು ಯಾವುದು ಅಂತ ನೆನಪಿದೆಯಾ? 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬಾಂಬೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಬ್ರಿಟಿಷ್ ಸರ್ಕಾರ ಅವಸರದಲ್ಲಿ ತಂದ ಕಾಯ್ದೆ ಅದು. ಅದೇ ವರ್ಷ, ಅದೇ ಊರಿನಲ್ಲಿ, ಪ್ಲೇಗಿಗೆ ಲಸಿಕೆಯೂ ತಯಾರಾಯಿತು. ಕಾನೂನು ಇವತ್ತಿಗೂ ನಮ್ಮ ನಡುವೆ ಇದೆ. ಲಸಿಕೆ ಮಾಡಿದ ವ್ಯಕ್ತಿ ಮಾತ್ರ ಮುಂಬೈನ ಒಂದು ಸಂಸ್ಥೆಯ ಬೋರ್ಡಿನಲ್ಲಿ ಹೆಸರಾಗಿ ಉಳಿದುಬಿಟ್ಟಿದ್ದಾರೆ. ಅವರೇ ವಾಲ್ಡೆಮಾರ್ ಹಾಫ್ಕಿನ್. ಅವರ ಬದುಕನ್ನು ಈಗ ಮತ್ತೆ ಓದಬೇಕಿರುವುದು ಬರೀ ವಿಜ್ಞಾನಕ್ಕಾಗಿ ಅಲ್ಲ. ವ್ಯವಸ್ಥೆಯಲ್ಲಿ ಅನಾಹುತ ನಡೆದಾಗ ಅಧಿಕಾರ ಯಾರ ಕೊರಳಿಗೆ ಉರುಳು ಹಾಕುತ್ತದೆ ಅನ್ನೋದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಪೊಲೀಸ್ ಪಟ್ಟಿಯಲ್ಲಿದ್ದ ವಿದ್ಯಾರ್ಥಿ

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾದಲ್ಲಿ. ಇವತ್ತು ಅದು ಉಕ್ರೇನಿನಲ್ಲಿದೆ. ಯಹೂದಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕೋವ್ ಕೈಕೆಳಗೆ ಜೀವವಿಜ್ಞಾನ ಓದಿದರು. ದೇಹಕ್ಕೆ ನುಗ್ಗಿದ ರೋಗಾಣುಗಳನ್ನು ನಮ್ಮದೇ ರಕ್ತದ ಕೆಲವು ಕೋಶಗಳು ನುಂಗಿ ಹಾಕುತ್ತವೆ ಅಂತ ಮುಂದೆ ತೋರಿಸಿಕೊಟ್ಟ ವಿಜ್ಞಾನಿ ಈ ಮೆಚ್ನಿಕೋವ್.

ಹಾಫ್ಕಿನ್ ತರಗತಿಯಲ್ಲಿ ಮಾತ್ರ ಇದ್ದವರಲ್ಲ. ಜಾರ್ ದೊರೆಯ ವಿರುದ್ಧದ ಕ್ರಾಂತಿಕಾರಿ ಗುಂಪಿನೊಂದಿಗೆ ನಂಟಿತ್ತು. 1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮೇಲೆ ದಂಗೆಕೋರರು ಮುಗಿಬಿದ್ದಾಗ, ತಮ್ಮ ಜನರ ರಕ್ಷಣೆಗೆ ನಿಂತ ಯುವಕರ ಪಡೆಯಲ್ಲಿ ಅವರೂ ಇದ್ದರು. ಒಂದಲ್ಲ, ಹಲವು ಬಾರಿ ಬಂಧನವಾಯಿತು. ವಿಶ್ವವಿದ್ಯಾಲಯದಿಂದ ಹೊರಹಾಕಿದರು. ಧರ್ಮ ಬದಲಿಸಿ ಕ್ರೈಸ್ತನಾದರೆ ಅಧ್ಯಾಪಕನ ಹುದ್ದೆಯ ಬಾಗಿಲು ತೆರೆಯುತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು, ಮರುವರ್ಷ ಪ್ಯಾರಿಸ್ಸಿಗೆ. ಅಲ್ಲಿನ ಪಾಶ್ಚರ್ ಸಂಸ್ಥೆಗೆ ಆಗಲೇ ಹೋಗಿ ಸೇರಿದ್ದ ಮೆಚ್ನಿಕೋವ್ ಶಿಷ್ಯನಿಗೆ ಕೆಲಸ ಕೊಡಿಸಿದರು. ಖಾಲಿ ಇದ್ದದ್ದು ಗ್ರಂಥಪಾಲಕನ ಹುದ್ದೆ ಮಾತ್ರ. ಹಗಲು ಪುಸ್ತಕ ಜೋಡಿಸುವುದು, ಉಳಿದ ಹೊತ್ತು ಪ್ರಯೋಗಾಲಯ.

ಕಾಲರಾ ಮತ್ತು ಕಲ್ಕತ್ತೆಯ ಬಸ್ತಿಗಳು

ಕಾಲರಾ ರೋಗಾಣು ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ ಒಂದೇ ಒಂದು ಕೋಶ. ನಮ್ಮ ಕೋಶಗಳಲ್ಲಿ ಇರುವಂಥ ಕೋಶಕೇಂದ್ರ ಅದಕ್ಕಿಲ್ಲ. ಹಿಂದೆ ಒಂದು ಬಾಲವಿದೆ, ಅದರಿಂದ ಈಜುತ್ತದೆ. ಕೊಳಕು ನೀರಿನ ಮೂಲಕ ಹೊಟ್ಟೆ ಸೇರಿ ಕರುಳಿಗೆ ಅಂಟಿಕೊಂಡು ವಿಷ ಸುರಿಸುತ್ತದೆ. ಆ ವಿಷ ದೇಹದ ನೀರು ಮತ್ತು ಲವಣವನ್ನೆಲ್ಲ ಕರುಳಿಗೆ ಎಳೆದು ಹೊರಗೆ ಚೆಲ್ಲಿಸುತ್ತದೆ. ವಾಂತಿಭೇದಿ ಶುರುವಾಗಿ ಕೆಲವೇ ಗಂಟೆಗಳಲ್ಲಿ ಗಟ್ಟಿಮುಟ್ಟಾದ ಮನುಷ್ಯನೂ ಸಾಯಬಹುದು.

ಹಾಫ್ಕಿನ್ ಈ ರೋಗಾಣುವನ್ನು ಗಿನಿಯಿಲಿಗಳ ಹೊಟ್ಟೆಯ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಿ ಅದರ ತೀವ್ರತೆಯನ್ನು ಒಂದು ಹದಕ್ಕೆ ತಂದರು. ಶಕ್ತಿ ಕುಗ್ಗಿಸಿದ ರೋಗಾಣು ಮೊದಲು, ತೀವ್ರವಾದದ್ದು ಆಮೇಲೆ, ಹೀಗೆ ಎರಡು ಚುಚ್ಚುಮದ್ದು. 1892ರ ಜುಲೈ 18ರಂದು ಮೊದಲು ಚುಚ್ಚಿಕೊಂಡದ್ದು ತಮಗೇ. ಜ್ವರ ಬಂತು, ಹೋಯಿತು. ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಮಾಜಿ ವೈಸ್‌ರಾಯ್ ಲಾರ್ಡ್ ಡಫರಿನ್ ಅವರನ್ನು ಭಾರತದ ದಾರಿಗೆ ಹಚ್ಚಿದರು. 1893ರಲ್ಲಿ ಹಾಫ್ಕಿನ್ ಕಲ್ಕತ್ತೆಗೆ ಬಂದಿಳಿದರು.

ಬ್ರಿಟಿಷ್ ಅಧಿಕಾರಿಗಳಿಗೆ ಈ ರಷ್ಯನ್ ಮೇಲೆ ಅನುಮಾನ, ಜನರಿಗೆ ಸೂಜಿಯ ಮೇಲೆ ಅನುಮಾನ. 1894ರಲ್ಲಿ ಕಲ್ಕತ್ತೆಯ ಬಸ್ತಿಗಳಲ್ಲಿ ಭಾರತೀಯ ವೈದ್ಯರನ್ನು ಜೊತೆಗಿಟ್ಟುಕೊಂಡು ಮನೆಮನೆ ತಿರುಗಿದರು. ಒಂದು ಬಸ್ತಿಯಲ್ಲಿ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ಬಿದ್ದವರೆಲ್ಲ ಚುಚ್ಚುಮದ್ದು ಪಡೆಯದ ಮನೆಮಂದಿ. ಅದನ್ನು ಕಣ್ಣಾರೆ ಕಂಡ ಮೇಲೆ ಜನ ತಾವಾಗಿಯೇ ಬರತೊಡಗಿದರು. ಒಂದೇ ಸೂರಿನಡಿ, ಒಂದೇ ನೀರು ಕುಡಿಯುವವರಲ್ಲಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಲೆಕ್ಕ ಇಡುವ ಶಿಸ್ತನ್ನು ಹಾಫ್ಕಿನ್ ಕೊನೆತನಕ ಬಿಡಲಿಲ್ಲ.

ಒಂದು ಕೋಣೆ, ಒಂದು ಪಡಸಾಲೆ

1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಅದರ ರೋಗಾಣುವನ್ನು ಗುರುತಿಸಿ ಆಗಿನ್ನೂ ಎರಡೇ ವರ್ಷ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅನ್ನುವುದು ಇನ್ನೂ ತಿಳಿದಿರಲಿಲ್ಲ. ಜ್ವರ, ಕಂಕುಳು ತೊಡೆಸಂದಿನಲ್ಲಿ ಗಡ್ಡೆ, ಆಮೇಲೆ ಸಾವು. ಸರ್ಕಾರ ಹಾಫ್ಕಿನ್‌ರನ್ನು ಕರೆಸಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಕೊಟ್ಟಿತು.

ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿದರೆ ಪ್ಲೇಗ್ ರೋಗಾಣು ಆ ಹನಿಗೆ ಜೋತುಬಿದ್ದು ಸೊಂಪಾಗಿ ಬೆಳೆಯುತ್ತದೆ ಅಂತ ಅವರು ಕಂಡುಕೊಂಡರು. ಹಾಗೆ ಬೆಳೆಸಿ, ಬಿಸಿ ಮಾಡಿ ಕೊಲ್ಲುವುದು. ಬಿಸಿಗೆ ರೋಗಾಣು ಸಾಯುತ್ತದೆ, ವಂಶ ಬೆಳೆಸಲಾರದು. ಅದರ ಹೊರಮೈಯ ಗುರುತುಗಳು ಮಾತ್ರ ಸಾಕಷ್ಟು ಉಳಿದಿರುತ್ತವೆ. ದೇಹ ಆ ಗುರುತನ್ನು ಕಲಿತು, ನಿಜವಾದ ರೋಗಾಣು ಬಂದಾಗ ತಯಾರಾಗಿರುತ್ತದೆ. 1897ರ ಜನವರಿ 10ರಂದು ಹಾಫ್ಕಿನ್ ಮತ್ತೆ ಮೊದಲು ತಮಗೇ ಚುಚ್ಚಿಕೊಂಡರು.

ಮುಂದಿನ ಪರೀಕ್ಷೆ ಬೈಕುಲ್ಲಾ ಜೈಲಿನಲ್ಲಿ. ಒಪ್ಪಿದ ಕೈದಿಗಳಿಗೆ ಚುಚ್ಚಿದರು, ಉಳಿದವರ ಜೊತೆ ಹೋಲಿಸಿದರು. ಚುಚ್ಚಿಸಿಕೊಂಡವರಲ್ಲಿ ರೋಗ ಗಣನೀಯವಾಗಿ ಕಡಿಮೆ. ಇಲ್ಲಿ ಒಂದು ಮಾತು ಹೇಳಲೇಬೇಕು. ವಸಾಹತು ಜೈಲಿನ ಕೈದಿ ಕೊಡುವ ಒಪ್ಪಿಗೆ ಎಂಥ ಒಪ್ಪಿಗೆ? ಅಸ್ಸಾಮಿನ ಚಹಾ ತೋಟಗಳ ಕೂಲಿಗಳ ಮೇಲೆ ಕಾಲರಾ ಲಸಿಕೆ ಪ್ರಯೋಗಿಸಿದಾಗಲೂ ಇದೇ ಪ್ರಶ್ನೆ ಇತ್ತು. ಬೇಡ ಅನ್ನುವ ಶಕ್ತಿ ಕಡಿಮೆ ಇದ್ದವರೇ ಲಸಿಕೆಯ ಮೊದಲ ಲೆಕ್ಕಗಳಲ್ಲಿ ಸೇರಿದರು. ಹಾಫ್ಕಿನ್‌ರನ್ನು ಮೆಚ್ಚುವಾಗಲೂ ಇದನ್ನು ಮರೆಯಬಾರದು.

ಹಾಗಿದ್ದೂ ಸರ್ಕಾರದ ದಾರಿಗೂ ಅವರ ದಾರಿಗೂ ವ್ಯತ್ಯಾಸವಿತ್ತು. ಪೂನಾದಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿದರು. ಜನ ರೊಚ್ಚಿಗೆದ್ದರು. 1897ರ ಜೂನ್‌ನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ತಿಲಕರು ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು. ಲಸಿಕೆ ಬಲವಂತದ್ದಾಗಬಾರದು, ಜನ ತಾವಾಗಿ ಬರಬೇಕು ಅನ್ನುವುದು ಹಾಫ್ಕಿನ್ ನಿಲುವು. ಆಗಾ ಖಾನ್ ತಮ್ಮ ಸಮುದಾಯದ ಎದುರೇ ಚುಚ್ಚಿಸಿಕೊಂಡು, ಪ್ರಯೋಗಾಲಯಕ್ಕೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು.

1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಈ ಲಸಿಕೆ ಹಾಕಿಸಿಕೊಂಡರು. ಅದೇ ವರ್ಷ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೂ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಹೋಗಿ ನೆಲೆಸಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು, ಹಳ್ಳಿಹಳ್ಳಿಯ ಪ್ಲೇಗಮ್ಮನ ಗುಡಿಗಳು ಆ ದಿನಗಳ ಗುರುತುಗಳು.

ಮುಲ್ಕೋವಾಲ್

1902ರಲ್ಲಿ ಪಂಜಾಬ್ ಸರ್ಕಾರ ದೊಡ್ಡ ಮಟ್ಟದ ಲಸಿಕೆ ಅಭಿಯಾನಕ್ಕಿಳಿಯಿತು. ಬೇಡಿಕೆ ಒಮ್ಮೆಲೇ ಏರಿತು. ಬಾಂಬೆಯ ಪರೇಲಿಗೆ ಸ್ಥಳಾಂತರವಾಗಿದ್ದ ಪ್ರಯೋಗಾಲಯ ಹಗಲೂ ರಾತ್ರಿ ದುಡಿಯಿತು. ಬೇಗ ತಯಾರಿಸಲು ಹಾಫ್ಕಿನ್ ವಿಧಾನ ಬದಲಿಸಿದರು. ಲಸಿಕೆ ಕೆಡದಂತೆ ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶುದ್ಧೀಕರಣಕ್ಕೆ ಶಾಖವನ್ನೇ ನೆಚ್ಚಿಕೊಂಡರು. ಅದು ಪಾಶ್ಚರ್ ಸಂಸ್ಥೆಯಲ್ಲಿ ಬಳಕೆಯಲ್ಲಿದ್ದ ಪದ್ಧತಿ.

ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಚುಚ್ಚುಮದ್ದು ಹಾಕಿದರು. ಐದು ಬಾಟಲಿ ಬಳಕೆಯಾಯಿತು. ಸುಮಾರು ಒಂದು ವಾರದ ನಂತರ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನಕ್ಕೆ ದವಡೆ ಕಚ್ಚಿಕೊಂಡಿತು. ಧನುರ್ವಾಯು. 19 ಜನರೂ ಸತ್ತರು. ಉಳಿದ ನಾಲ್ಕು ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ತನಿಖೆಗೆ ಆಯೋಗ ಕೂತಿತು. ಬಾಟಲಿ ಹಳ್ಳಿಯಲ್ಲಿ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲೇ, ಕಲುಷಿತವಾಗಿತ್ತು ಅಂತ ತೀರ್ಪಿತ್ತಿತು. ಕಾರ್ಬಾಲಿಕ್ ಬಿಟ್ಟದ್ದೇ ದೊಡ್ಡ ತಪ್ಪಾಗಿ ಕಂಡಿತು. ಹಾಫ್ಕಿನ್‌ರನ್ನು ಹುದ್ದೆಯಿಂದ ಇಳಿಸಿದರು, ಸಂಬಳ ನಿಲ್ಲಿಸಿದರು. ಅವರು ಲಂಡನ್ನಿಗೆ ಹೋದರು.

ಇಲ್ಲಿ ಸ್ವಲ್ಪ ಸೂಕ್ಷ್ಮಜೀವಿ ವಿಜ್ಞಾನ ಗೊತ್ತಿದ್ದರೆ ಇಡೀ ಪ್ರಕರಣ ಬೇರೆಯಾಗಿ ಕಾಣುತ್ತದೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುತ್ತದೆ. ಕಷ್ಟಕಾಲದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಬೀಜದ ಹಾಗೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಗಾಳಿಯಿಲ್ಲದ ಜಾಗ, ಆಹಾರ, ಬೆಚ್ಚಗಿನ ವಾತಾವರಣ ಸಿಕ್ಕರೆ ಮೊಳೆತು ಬೆಳೆಯುತ್ತದೆ, ನರಗಳನ್ನು ಹಿಡಿದು ಸ್ನಾಯುಗಳನ್ನು ಸೆಟೆಸುವ ವಿಷ ಸುರಿಸುತ್ತದೆ.

ಆ ಬಾಟಲಿ ತುಂಬಿ 41 ದಿನವಾಗಿತ್ತು. ರೋಗಾಣು ಪರೇಲಿನಲ್ಲೇ ಹೊಕ್ಕಿದ್ದರೆ ಅಷ್ಟು ದಿನ ಗಾಳಿಯಿಲ್ಲದ ಸಾರಿನಲ್ಲಿ ಬೆಳೆದು ಬಾಟಲಿ ತುಂಬಾ ವಿಷ ಸೇರಿರುತ್ತಿತ್ತು, ಕೊಳೆತ ನಾತ ಹೊಡೆಯುತ್ತಿತ್ತು. ಬಾಟಲಿ ತೆರೆದ ವೈದ್ಯರು ಅಂಥ ವಾಸನೆ ಗಮನಿಸಿರಲಿಲ್ಲ. ತಯಾರಾದ ವಿಷ ನೇರ ಮೈಸೇರಿದ್ದರೆ ರೋಗ ಬೇಗ ಕಾಣಿಸಿಕೊಳ್ಳಬೇಕಿತ್ತು. ಒಂದು ವಾರ ಹಿಡಿದಿದೆ ಅಂದರೆ ರೋಗಾಣು ದೇಹದೊಳಗೆ ಹೋದ ಮೇಲೆ ಮೊಳೆತಿರುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ವಿಷಯವೂ ಕಡತದಲ್ಲಿತ್ತು. ಮುಲ್ಕೋವಾಲಿನಲ್ಲಿ ಬಿರಡೆ ಕೀಳುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿಯದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದರಲ್ಲೇ ಬಾಟಲಿ ತೆರೆದಿದ್ದರು. ಕವಚದೊಳಗಿನ ರೋಗಾಣುವಿಗೆ ಅಷ್ಟರಿಂದ ಏನೂ ಆಗದು.

ಈ ದಾಖಲೆಗಳು ಹೊರಬರಲು ಸುಮಾರು ನಾಲ್ಕು ವರ್ಷ ಬೇಕಾಯಿತು. ಆಗ ಮಲೇರಿಯಾ ಸೊಳ್ಳೆಯ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ದನಿ ಎತ್ತಿದರು. 1907ರ ಜುಲೈನಲ್ಲಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಆರೋಪಕ್ಕೆ ಆಧಾರವಿಲ್ಲ ಎಂದರು. ಫ್ರಾನ್ಸಿನಲ್ಲಿ ಯಹೂದಿ ಸೇನಾಧಿಕಾರಿ ಡ್ರೇಫಸ್‌ನ ಮೇಲೆ ಸುಳ್ಳು ದೇಶದ್ರೋಹ ಹೊರಿಸಿದ್ದ ನೆನಪು ಹಸಿಯಾಗಿತ್ತು. ಜನ ಇದನ್ನು ಪುಟ್ಟ ಡ್ರೇಫಸ್ ಪ್ರಕರಣ ಅಂತಲೇ ಕರೆದರು. ವರ್ಷದ ಕೊನೆಗೆ ಹಾಫ್ಕಿನ್ ಆರೋಪಮುಕ್ತರಾದರು.

ಆರೋಪ ಹೋಯಿತು, ಪರೇಲ್ ಮಾತ್ರ ವಾಪಸ್ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಒಂದು ಹುದ್ದೆ ಕೊಟ್ಟರು, ಜನರ ಮೇಲೆ ಹೊಸ ಲಸಿಕೆ ಪರೀಕ್ಷಿಸುವ ಅವಕಾಶ ಕೊಡಲಿಲ್ಲ. 55ರ ವಯಸ್ಸಿಗೆ ನಿವೃತ್ತರಾಗಿ ಯೂರೋಪಿಗೆ ಮರಳಿದರು. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. ಅಷ್ಟರಲ್ಲಿ ಅಲ್ಲಿಂದ ಎರಡೂವರೆ ಕೋಟಿಗೂ ಹೆಚ್ಚು ಡೋಸ್ ಲಸಿಕೆ ಹೊರಹೋಗಿತ್ತು. ಕೊನೆಗಾಲದಲ್ಲಿ ಶ್ರದ್ಧಾವಂತ ಯಹೂದಿಯಾಗಿ ಬದುಕಿದ ಹಾಫ್ಕಿನ್, ಗಳಿಸಿದ್ದನ್ನು ಪೂರ್ವ ಯೂರೋಪಿನ ಯಹೂದಿ ವಿದ್ಯಾಲಯಗಳಿಗೆ ಬಿಟ್ಟು 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ನಮಗೇನು?

ಮುಲ್ಕೋವಾಲಿನ 19 ಜನ ಸರ್ಕಾರವನ್ನು ನಂಬಿ ತೋಳು ಚಾಚಿದವರು. ಅವರ ಸಾವು ನಿಜ, ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಿತ್ತು. ಕಡತಗಳನ್ನು ಬೇಗ ಬಯಲಿಗಿಟ್ಟಿದ್ದರೆ ಚಿಮಟದ ವಿಷಯ, ಅವಸರದ ಅಭಿಯಾನದ ವಿಷಯ, ಹಳ್ಳಿಮಟ್ಟದ ತರಬೇತಿಯ ವಿಷಯ ಎಲ್ಲವೂ ಚರ್ಚೆಗೆ ಬರುತ್ತಿತ್ತು. ಸರ್ಕಾರ ಒಬ್ಬ ಪರದೇಶಿಯನ್ನು ಮನೆಗೆ ಕಳಿಸಿ ಬಾಗಿಲು ಹಾಕಿಕೊಂಡಿತು. ಅತ್ತ ಪ್ಲೇಗ್ ಪಂಜಾಬಿನಲ್ಲಿ ಕೊಲ್ಲುತ್ತಲೇ ಹೋಯಿತು, ಲಸಿಕೆಯ ಮೇಲಿನ ಭಯ ಹಾಗೇ ಉಳಿಯಿತು.

ಲಸಿಕೆಯ ಅಡ್ಡಪರಿಣಾಮ ಇರಲಿ, ಆಸ್ಪತ್ರೆಯ ಔಷಧಿಯಿಂದಾದ ಸಾವಿರಲಿ, ಸುದ್ದಿ ಬಂದ ಕೂಡಲೇ ನಮ್ಮಲ್ಲೂ ಎರಡು ಗುಂಪಾಗುತ್ತದೆ. ಒಂದು ಗುಂಪು ಎಲ್ಲ ಮುಚ್ಚಿಡು ಅನ್ನುತ್ತದೆ, ಇನ್ನೊಂದು ಯಾರನ್ನಾದರೂ ಒಬ್ಬರನ್ನು ಅಮಾನತು ಮಾಡು ಅನ್ನುತ್ತದೆ. ನಾವು ಕೇಳಬೇಕಾದ್ದು ಕಡತವನ್ನು. ಯಾವ ಬ್ಯಾಚು, ಯಾವ ದಿನ, ಯಾರು ತೆರೆದರು, ಏನು ಬಿತ್ತು, ಯಾವಾಗ ರೋಗ ಕಾಣಿಸಿತು? ಹಾಫ್ಕಿನ್‌ರನ್ನು ಕೊನೆಗೂ ಉಳಿಸಿದ್ದು ಇಂಥ ಸಣ್ಣ ಸಣ್ಣ ವಿವರಗಳು. ಅವು ನಾಲ್ಕು ವರ್ಷ ತಡವಾಗಿ ಸಿಕ್ಕವು.