ಪ್ರಥಮ ಮಹಾಚುನಾವಣೆಯ ರೂವಾರಿ: ಸುಕುಮಾರ್ ಸೇನ್



ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ ನಮ್ಮ ಊರುಗಳಲ್ಲಿ ಎಂತಹ ಕುತೂಹಲವಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆಯಿಂದಲೇ ಟಿ.ವಿ. ಮುಂದೆ ಜನ ಸೇರುತ್ತಾರೆ. ಮರುದಿನ ಪತ್ರಿಕೆಯಲ್ಲಿ ಜಿಲ್ಲಾವಾರು ಫಲಿತಾಂಶದ ಪಟ್ಟಿ ಬಂದರೆ ಚಹಾದಂಗಡಿಯಲ್ಲಿ ಒಂದೇ ಪತ್ರಿಕೆ ಹತ್ತು ಕೈಗಳನ್ನು ದಾಟುತ್ತದೆ. ಯಾರು ಗೆದ್ದರು, ಅಂತರವೆಷ್ಟು, ಯಾರ ಠೇವಣಿ ಹೋಯಿತು ಎಂದು ಸಂಜೆಯವರೆಗೂ ಮಾತು ನಡೆಯುತ್ತದೆ. ಆದರೆ ಈ ಪಟ್ಟಿಗಿಂತ ಮೊದಲು ಇನ್ನೊಂದು ಪಟ್ಟಿ ತಯಾರಾಗಬೇಕು. ಅದೇ ಮತದಾರರ ಪಟ್ಟಿ. ಅದರಲ್ಲಿ ಹೆಸರಿಲ್ಲದವರು ಫಲಿತಾಂಶದ ಲೆಕ್ಕಕ್ಕೂ ಸೇರುವುದಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಪಟ್ಟಿಯನ್ನು ಮೊದಲ ಬಾರಿಗೆ ಸಿದ್ಧಪಡಿಸಿ, ಅದರ ಮೇಲೆ ಇಡೀ ದೇಶದ ಚುನಾವಣೆಯನ್ನು ನಡೆಸಿಕೊಟ್ಟ ಮಹನೀಯರೇ ಸುಕುಮಾರ್ ಸೇನ್. ನಮ್ಮ ವಿದ್ಯಾರ್ಥಿಗಳಿಗೆ ಪ್ರಥಮ ಪ್ರಧಾನಿ, ಪ್ರಥಮ ರಾಷ್ಟ್ರಪತಿ ಯಾರೆಂದು ಬಾಯಿಪಾಠವಿದೆ. ಪ್ರಥಮ ಮುಖ್ಯ ಚುನಾವಣಾ ಆಯುಕ್ತರು ಯಾರೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಬನ್ನಿ, ಅವರ ಜೀವನವನ್ನು ಸ್ವಲ್ಪ ತಿಳಿಯೋಣ.

ವಿದ್ಯಾಭ್ಯಾಸ ಮತ್ತು ಸೇವೆ

ಸೇನ್‌ರವರು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳದ ಒಂದು ವಿದ್ಯಾವಂತ ಕುಟುಂಬದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅನಂತರ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಗಣಿತದಲ್ಲಿ ಚಿನ್ನದ ಪದಕ ಪಡೆದರು. 1920ರ ದಶಕದ ಆರಂಭದಲ್ಲಿ ಐ.ಸಿ.ಎಸ್. ಸೇವೆಗೆ ಸೇರಿ ಬಂಗಾಳದ ಹಲವು ಜಿಲ್ಲೆಗಳಲ್ಲಿ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ ದುಡಿದರು. ದೇಶ ವಿಭಜನೆಯ ಕಷ್ಟಕಾಲದಲ್ಲಿ ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾದರು. ಅವರ ಸಹೋದರ ಅಶೋಕ್ ಕುಮಾರ್ ಸೇನ್ ಮುಂದೆ ಕೇಂದ್ರದ ಕಾನೂನು ಮಂತ್ರಿಯಾದವರು.

1950ರ ಜನವರಿ 25ರಂದು ಭಾರತದ ಚುನಾವಣಾ ಆಯೋಗ ಅಸ್ತಿತ್ವಕ್ಕೆ ಬಂತು. ಅದೇ ವರ್ಷ ಮಾರ್ಚ್ 21ರಂದು ಸೇನ್‌ರವರು ಮುಖ್ಯ ಚುನಾವಣಾ ಆಯುಕ್ತರಾಗಿ ನೇಮಕಗೊಂಡರು. ಪ್ರಧಾನಿ ನೆಹರೂರವರಿಗೆ 1951ರ ಆರಂಭದಲ್ಲೇ ಚುನಾವಣೆ ನಡೆಯಲೆಂಬ ಆಸೆಯಿತ್ತು. ಸೇನ್‌ರವರು ಗಣಿತ ಬಲ್ಲವರು. ಮುಂದಿರುವ ಕೆಲಸದ ಗಾತ್ರ ಅವರಿಗೆ ಗೊತ್ತಿತ್ತು. ಅವಸರ ಬೇಡವೆಂದು ಪ್ರಧಾನಿಯವರಿಗೆ ಮನವರಿಕೆ ಮಾಡಿದರು.

ಬೆಟ್ಟದಷ್ಟು ಕೆಲಸ

ಬ್ರಿಟಿಷರ ಕಾಲದಲ್ಲಿಯೂ ಪ್ರಾಂತೀಯ ಚುನಾವಣೆಗಳು ನಡೆದಿದ್ದವಲ್ಲ ಎಂದು ನೀವು ಕೇಳಬಹುದು. ನಡೆದಿದ್ದವು ನಿಜ. ಆದರೆ ಆಗ ಆಸ್ತಿ, ತೆರಿಗೆ, ಓದು ಇತ್ಯಾದಿ ಅರ್ಹತೆ ಇದ್ದವರಿಗಷ್ಟೇ ಮತವಿತ್ತು. ಕೂಲಿಯವನಿಗೆ ಇರಲಿಲ್ಲ, ಅವನ ಹೆಂಡತಿಗಂತೂ ಇರಲೇ ಇಲ್ಲ. 1909ರಿಂದ ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರ, ಪ್ರತ್ಯೇಕ ಪಟ್ಟಿಯ ಪದ್ಧತಿಯೂ ಬಂದಿತ್ತು. ನಮ್ಮ ಸಂವಿಧಾನ ಇವೆರಡನ್ನೂ ತೆಗೆದುಹಾಕಿತು. 325ನೇ ವಿಧಿಯಂತೆ ಪ್ರತಿ ಕ್ಷೇತ್ರಕ್ಕೆ ಎಲ್ಲರಿಗೂ ಸೇರಿದ ಒಂದೇ ಪಟ್ಟಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. 326ನೇ ವಿಧಿಯಂತೆ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ. (ಇದು 18 ವರ್ಷಕ್ಕೆ ಇಳಿದದ್ದು 1989ರಲ್ಲಿ.)

ಕಾಗದದ ಮೇಲೆ ಇಷ್ಟನ್ನು ಬರೆದದ್ದಾಯಿತು. ಕಾರ್ಯಗತ ಮಾಡುವ ಹೊಣೆ ಸೇನ್‌ರವರ ಮೇಲೆ ಬಿತ್ತು. ಮತದಾರರ ಸಂಖ್ಯೆ ಸುಮಾರು 17 ಕೋಟಿ 60 ಲಕ್ಷ. ಅವರಲ್ಲಿ ಶೇಕಡಾ 85ರಷ್ಟು ಜನರಿಗೆ ಓದುಬರಹ ಬಾರದು. ಮನೆಮನೆಗೆ ಹೋಗಿ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಳ್ಳಬೇಕಾಗಿತ್ತು. ಪಟ್ಟಿಗಳನ್ನು ಟೈಪು ಮಾಡಿ ಜೋಡಿಸುವುದಕ್ಕಾಗಿಯೇ 16,500 ಗುಮಾಸ್ತರನ್ನು ಆರು ತಿಂಗಳ ಮಟ್ಟಿಗೆ ನೇಮಿಸಲಾಯಿತು. 20 ಲಕ್ಷಕ್ಕೂ ಮಿಕ್ಕಿ ಉಕ್ಕಿನ ಮತಪೆಟ್ಟಿಗೆಗಳು ಬೇಕಾದವು. ಅವುಗಳಿಗೆ ತಗುಲಿದ ಉಕ್ಕು 8,200 ಟನ್. ಮತಗಟ್ಟೆಗಳು 2 ಲಕ್ಷ 24 ಸಾವಿರ.

ಓದು ಬಾರದವರು ತಮ್ಮ ಅಭ್ಯರ್ಥಿಯನ್ನು ಗುರುತಿಸುವುದು ಹೇಗೆ? ಇದಕ್ಕಾಗಿ ಪಕ್ಷಗಳಿಗೆ ಚಿಹ್ನೆಗಳನ್ನು ಕೊಡಲಾಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಇವೆಲ್ಲ ಹಳ್ಳಿಯವರು ದಿನಾಲೂ ನೋಡುವ ವಸ್ತುಗಳೇ ಆಗಿದ್ದವು. ಆಗ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಮರೆಯ ಹಿಂದೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ಮುಗಿಯಿತು. ಒಬ್ಬರೇ ಎರಡು ಸಲ ಮತ ಹಾಕದಂತೆ ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚಲಾಯಿತು. 1962ರ ಚುನಾವಣೆಯಿಂದ ಈ ಶಾಯಿಯನ್ನು ಇಡೀ ದೇಶಕ್ಕೆ ಒದಗಿಸುತ್ತಿರುವುದು ನಮ್ಮ ಮೈಸೂರಿನ ಕಾರ್ಖಾನೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹೆಸರಿಲ್ಲದ ತಾಯಂದಿರು

ಓದುಗರೇ, ಸೇನ್‌ರವರ ಜೀವನದಲ್ಲಿ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದ ಘಟನೆ ಇನ್ನು ಬರುವುದು. ಪಟ್ಟಿ ತಯಾರಿಸಲು ಹೋದ ಸಿಬ್ಬಂದಿಗೆ ಉತ್ತರ ಭಾರತದ ಅನೇಕ ಕಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಪರಪುರುಷರ ಮುಂದೆ ಹೆಸರು ಹೇಳುವುದು ಮರ್ಯಾದೆಯಲ್ಲ ಎಂಬ ರೂಢಿ ಹಲವು ಸಮುದಾಯಗಳಲ್ಲಿ ಇತ್ತು.

ಸೇನ್‌ರವರು ಇದನ್ನು ಒಪ್ಪಲಿಲ್ಲ. ಮತದ ಹಕ್ಕು ಆ ಹೆಣ್ಣುಮಗಳದು, ಆದ್ದರಿಂದ ಪಟ್ಟಿಯಲ್ಲಿ ಅವಳ ಸ್ವಂತ ಹೆಸರೇ ಇರಬೇಕು ಎಂಬುದು ಅವರ ನಿಲುವು. ಬಿಹಾರದಲ್ಲಿ ಹೆಸರು ಸರಿಪಡಿಸಿಕೊಳ್ಳಲು ಒಂದು ತಿಂಗಳ ಹೆಚ್ಚಿನ ಅವಕಾಶ ಕೊಟ್ಟರು. ಆದರೂ ದೇಶದಲ್ಲಿ ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ ಸುಮಾರು 28 ಲಕ್ಷ ಮಂದಿ ಹೆಸರು ತಿಳಿಸದೇ ಉಳಿದರು. ಅವರನ್ನು ಪಟ್ಟಿಯಿಂದ ಕೈಬಿಡಲಾಯಿತು.

ಇದು ಕಠಿಣ ನಿರ್ಧಾರವೇ ಸರಿ. ಅಷ್ಟೊಂದು ತಾಯಂದಿರು ಮೊದಲ ಚುನಾವಣೆಯಲ್ಲಿ ಮತ ಕಳೆದುಕೊಂಡರು. ಆ ರೂಢಿ ಅವರು ತಾವಾಗಿ ಮಾಡಿಕೊಂಡದ್ದಲ್ಲ. ನಷ್ಟ ಮಾತ್ರ ಅವರಿಗಾಯಿತು. ಈ ಕ್ರಮ ಅನ್ಯಾಯವೆಂದು ಹೇಳುವವರ ಮಾತಿನಲ್ಲೂ ಹುರುಳಿದೆ. ಆದರೆ ಇಂಥವನ ಹೆಂಡತಿ ಎಂದು ಬರೆದ ಚೀಟಿಯಿಂದ ಯಾರು ಬೇಕಾದರೂ ಬಂದು ಮತ ಹಾಕಬಹುದಿತ್ತು ಎಂಬುದನ್ನೂ ನಾವು ಮರೆಯಬಾರದು. ಈ ಕ್ರಮದ ಬಗ್ಗೆ ಎದ್ದ ಕೂಗಿನಿಂದ ಜನ ಎಚ್ಚೆತ್ತುಕೊಳ್ಳುವರು, ಮುಂದಿನ ಸಲ ತಾವೇ ಬಂದು ಹೆಸರು ಬರೆಸುವರು ಎಂದು ಸೇನ್‌ರವರು ನಂಬಿದ್ದರು. 1957ರ ಹೊತ್ತಿಗೆ ಹೀಗೆ ಬಿಟ್ಟುಹೋಗಿದ್ದ ಬಹುತೇಕ ಹೆಂಗಸರು ತಮ್ಮ ಸ್ವಂತ ಹೆಸರಿನಲ್ಲಿ ಪಟ್ಟಿ ಸೇರಿದರು. ಮಹಿಳೆಯರಿಗಾಗಿ ಪ್ರತ್ಯೇಕ ಮತಗಟ್ಟೆಗಳ ಏರ್ಪಾಡನ್ನೂ ಮಾಡಲಾಗಿತ್ತು.

ಫಲಿತಾಂಶ ಮತ್ತು ನಮ್ಮ ಜಿಲ್ಲೆಗಳು

ಹಿಮಾಚಲದ ಚಿನಿ ಎಂಬ ಕಡೆ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ, 1951ರ ಅಕ್ಟೋಬರ್ 25ರಂದು ಪ್ರಥಮ ಮತದಾನ ನಡೆಯಿತು. ದೇಶದ ಉಳಿದ ಭಾಗದ ಮತದಾನ 1952ರ ಫೆಬ್ರವರಿಯವರೆಗೆ ಸಾಗಿತು. ಲೋಕಸಭೆಗೂ ರಾಜ್ಯಗಳ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ. ಲೋಕಸಭೆಯ 489 ಸ್ಥಾನಗಳಲ್ಲಿ ಕಾಂಗ್ರೆಸ್ 364 ಗೆದ್ದಿತು.

ಆಗ ಕನ್ನಡ ಮಾತನಾಡುವ ಜಿಲ್ಲೆಗಳು ಒಂದೇ ರಾಜ್ಯದಲ್ಲಿರಲಿಲ್ಲ. ಆದ್ದರಿಂದ ನಮ್ಮವರ ಫಲಿತಾಂಶ ಐದು ವಿಧಾನಸಭೆಗಳಲ್ಲಿ ಹಂಚಿಹೋಗಿದೆ. ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಮಂಡ್ಯ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿದ್ದವು. ಅಲ್ಲಿ 80 ಕ್ಷೇತ್ರಗಳಿಂದ 99 ಸದಸ್ಯರು. ಲೆಕ್ಕ ತಪ್ಪಿಲ್ಲ! 61 ಕ್ಷೇತ್ರಗಳಿಗೆ ಒಬ್ಬೊಬ್ಬ ಸದಸ್ಯ. ಉಳಿದ 19 ಕ್ಷೇತ್ರಗಳಿಗೆ ಇಬ್ಬಿಬ್ಬರು. ಫಲಿತಾಂಶ ಹೀಗಿತ್ತು: ಕಾಂಗ್ರೆಸ್ 74, ಕಿಸಾನ್ ಮಜ್ದೂರ್ ಪ್ರಜಾ ಪಕ್ಷ 8, ಸಮಾಜವಾದಿಗಳು 3, ಪರಿಶಿಷ್ಟ ಜಾತಿಗಳ ಒಕ್ಕೂಟ 2, ಕಮ್ಯುನಿಸ್ಟರು 1, ಪಕ್ಷೇತರರು 11. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು.

ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳವರು ಬೊಂಬಾಯಿ ವಿಧಾನಸಭೆಗೆ ಮತ ಹಾಕಿದರು. ಅಲ್ಲಿ 315 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 269. ಗುಲ್ಬರ್ಗ, ರಾಯಚೂರು, ಬೀದರ್‌ನವರ ಮತ ಹೈದರಾಬಾದಿನ 175 ಸ್ಥಾನಗಳ ವಿಧಾನಸಭೆಗೆ ಸೇರಿತು. ಅಲ್ಲಿ ಕಾಂಗ್ರೆಸ್ಸಿಗೆ 93. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸಿನಲ್ಲಿದ್ದವು. ಅಲ್ಲಿನ 375 ಸ್ಥಾನಗಳಲ್ಲಿ 152 ಗೆದ್ದ ಕಾಂಗ್ರೆಸ್ಸಿಗೆ ಬಹುಮತವೇ ಸಿಗಲಿಲ್ಲ. ಪುಟ್ಟ ಕೊಡಗಿಗೂ 24 ಸ್ಥಾನಗಳ ತನ್ನದೇ ವಿಧಾನಸಭೆ ಇತ್ತು. ಕಾಂಗ್ರೆಸ್ 15, ಪಕ್ಷೇತರರು 9. ಈ ಜಿಲ್ಲೆಗಳೆಲ್ಲ ಒಂದುಗೂಡಿದ ಮೇಲೆ 1957ರಲ್ಲಿ ಮೈಸೂರು ವಿಧಾನಸಭೆಗೆ 208 ಸ್ಥಾನಗಳಾದವು. ಕಾಂಗ್ರೆಸ್ 150 ಗೆದ್ದಿತು. ಆ ಚುನಾವಣೆ ನಡೆಸಿದವರೂ ಸೇನ್‌ರವರೇ.

ದೊಡ್ಡವರೂ ಸೋತರು. ಸಂವಿಧಾನದ ಶಿಲ್ಪಿ ಡಾ. ಅಂಬೇಡ್ಕರ್‌ರವರು 1952ರಲ್ಲಿ ಉತ್ತರ ಬೊಂಬಾಯಿ ಲೋಕಸಭಾ ಕ್ಷೇತ್ರದಲ್ಲಿ ಸೋತರು. ಬೊಂಬಾಯಿ ವಿಧಾನಸಭೆಗೆ ನಿಂತಿದ್ದ ಮೊರಾರ್ಜಿ ದೇಸಾಯಿಯವರು ಬರೀ 19 ಮತಗಳಿಂದ ಸೋತರು. ಒಂದು ಮತದಿಂದ ಏನಾಗುತ್ತದೆ ಎಂದು ಮನೆಯಲ್ಲೇ ಕುಳಿತವರು ಹತ್ತಿಪ್ಪತ್ತು ಮಂದಿ ಇದ್ದರೂ ಸಾಕಿತ್ತಲ್ಲವೇ? ಗೆದ್ದವರಾಗಲಿ ಸೋತವರಾಗಲಿ ಫಲಿತಾಂಶಕ್ಕೆ ತಲೆಬಾಗಿದರು. ಸೇನ್‌ರವರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಸುಡಾನಿನಿಂದ ಕರೆ

ಭಾರತದ ಯಶಸ್ಸು ಹೊರದೇಶಗಳ ಕಿವಿಗೂ ಬಿತ್ತು. ಆಫ್ರಿಕಾದ ಸುಡಾನ್ ಆಗ ಬ್ರಿಟನ್ ಮತ್ತು ಈಜಿಪ್ಟಿನ ಜಂಟಿ ಆಡಳಿತದಲ್ಲಿತ್ತು. 1953ರಲ್ಲಿ ಅಲ್ಲಿ ಮೊದಲ ಪಾರ್ಲಿಮೆಂಟ್ ಚುನಾವಣೆ ನಡೆಸಲು ಏಳು ಸದಸ್ಯರ ಅಂತರರಾಷ್ಟ್ರೀಯ ಆಯೋಗ ರಚನೆಯಾಯಿತು. ಸುಡಾನಿನ ಮೂವರು, ಈಜಿಪ್ಟ್, ಬ್ರಿಟನ್, ಅಮೆರಿಕದ ಒಬ್ಬೊಬ್ಬರು ಇದ್ದ ಈ ಆಯೋಗಕ್ಕೆ ಅಧ್ಯಕ್ಷರು ನಮ್ಮ ಸುಕುಮಾರ್ ಸೇನ್! ಮರಳುಗಾಡು, ಅಲೆಮಾರಿ ಕುಲಗಳು, ಅರಬ್ಬಿ ಮಾತನಾಡುವ ಉತ್ತರ, ಬೇರೆ ಬೇರೆ ಭಾಷೆಗಳ ದಕ್ಷಿಣ. ಅಲ್ಲಿಯೂ ಬಹುಪಾಲು ಜನರಿಗೆ ಅಕ್ಷರ ಬಾರದು. ಸೇನ್‌ರವರು ತಿಂಗಳುಗಟ್ಟಲೆ ಅಲ್ಲಿದ್ದು ಚುನಾವಣೆ ನಡೆಸಿಕೊಟ್ಟರು. ಕೆಳಮನೆಯ 97 ಸ್ಥಾನಗಳಲ್ಲಿ ನ್ಯಾಷನಲ್ ಯೂನಿಯನಿಸ್ಟ್ ಪಕ್ಷ 51 ಗೆದ್ದು, 1954ರ ಜನವರಿಯಲ್ಲಿ ಇಸ್ಮಾಯಿಲ್ ಅಲ್ ಅಜ್‌ಹರಿಯವರು ಪ್ರಧಾನಿಯಾದರು. 1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು.

ಕೊನೆಯ ವರ್ಷಗಳು

1954ರಲ್ಲಿ ಪದ್ಮ ಪ್ರಶಸ್ತಿಗಳನ್ನು ಕೊಡಲು ಆರಂಭಿಸಿದಾಗ ಸೇನ್‌ರವರಿಗೆ ಪದ್ಮಭೂಷಣ ಲಭಿಸಿತು. ಮೊದಲ ಚುನಾವಣೆಯ ಮತಪೆಟ್ಟಿಗೆಗಳನ್ನು ಅವರು ಜೋಪಾನವಾಗಿ ತೆಗೆದಿರಿಸಿದ್ದರು. 1957ರಲ್ಲಿ ಅವುಗಳನ್ನೇ ಮತ್ತೆ ಬಳಸಿ ಸರ್ಕಾರಕ್ಕೆ ಕೋಟ್ಯಂತರ ರೂಪಾಯಿ ಉಳಿಸಿದರು. 1958ರ ಡಿಸೆಂಬರ್‌ನಲ್ಲಿ ಆಯೋಗದಿಂದ ನಿವೃತ್ತರಾದರು. 1960ರಲ್ಲಿ ಬರ್ದ್ವಾನ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಪ್ರಥಮ ಕುಲಪತಿಯಾದರು. ಆ ದಶಕದ ಮೊದಲ ವರ್ಷಗಳಲ್ಲೇ ನಿಧನ ಹೊಂದಿದರು. ಆತ್ಮಕಥೆ ಬರೆಯಲಿಲ್ಲ. ಎರಡು ಮಹಾಚುನಾವಣೆಗಳ ಬಗ್ಗೆ ಅವರು ಬರೆದ ಸರ್ಕಾರಿ ವರದಿಗಳು ಮಾತ್ರ ಉಳಿದಿವೆ.

ನಮ್ಮ ಕರ್ತವ್ಯ

ಪ್ರಿಯ ಓದುಗರೇ, ಈ ಮಹನೀಯರ ಜೀವನದಿಂದ ನಾವು ಕಲಿಯಬೇಕಾದುದೇನು? ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿಯಾಗಿ ನನಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಇಂದು ನಮ್ಮ ಹೆಣ್ಣುಮಕ್ಕಳು ಹೆಸರು ಹೇಳಲು ನಾಚುವುದಿಲ್ಲ. ಆದರೆ ಹೇಳಿದ ಹೆಸರು ಬರೆಯುವಾಗ ಬದಲಾಗುತ್ತದೆ. ಫಾತಿಮಾ ಎಂಬುದು ಒಂದು ಕಡೆ ಪಾತಿಮ, ಇನ್ನೊಂದು ಕಡೆ ಫಾತೀಮಾ. ಖದೀಜಾ ಎಂಬುದು ಕತೀಜ. ಒಂದು ಕಾಗದದಲ್ಲಿ ಬೀ, ಮತ್ತೊಂದರಲ್ಲಿ ಬೇಗಂ, ಮೂರನೆಯದರಲ್ಲಿ ಎರಡೂ ಇಲ್ಲ. ಉರ್ದುವಿನ ಕೆಲವು ಧ್ವನಿಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಅಲ್ಲಿಂದ ಇಂಗ್ಲಿಷಿಗೆ ಹೋದಾಗ ಕಾಗುಣಿತ ಮತ್ತೊಮ್ಮೆ ಬದಲಾಗುತ್ತದೆ. ಶಾಲಾ ದಾಖಲಾತಿ, ರೇಷನ್ ಕಾರ್ಡು, ಮತದಾರರ ಪಟ್ಟಿ ಮೂರರಲ್ಲಿ ಮೂರು ಹೆಸರಾದರೆ, ಬೇಕಾದ ದಿನ ಅದು ನಾನೇ ಎಂದು ತೋರಿಸುವುದು ಕಷ್ಟವಾಗುತ್ತದೆ.

ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವ ದಿನವೇ ಹೆಸರಿನ ಅಕ್ಷರಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ನಿರ್ಧರಿಸಿ ಬರೆದಿಟ್ಟುಕೊಳ್ಳಿ. ಅದನ್ನೇ ಎಲ್ಲ ಕಡೆ ಬಳಸಿ. ಮನೆಯ ಅಮ್ಮೀಜಾನ್, ದಾದಿಯವರ ಹೆಸರು ಮತದಾರರ ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದು ಪಿ.ಯು.ಸಿ. ಓದುವ ಮಗನೋ ಮಗಳೋ ಕುಳಿತು ನೋಡಲಿ. ಹೊಸ ಹೆಸರು ಸೇರಿಸಲು ಫಾರಂ 6, ತಿದ್ದುಪಡಿಗೆ ಫಾರಂ 8 ಇದೆ. 17 ವರ್ಷ ದಾಟಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಜಾಣತನ.

2011ರಿಂದ ಪ್ರತಿ ಜನವರಿ 25ನ್ನು ರಾಷ್ಟ್ರೀಯ ಮತದಾರರ ದಿನವೆಂದು ಆಚರಿಸಲಾಗುತ್ತಿದೆ. ಅಂದು ಶಾಲೆಗಳಲ್ಲಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸುವಾಗ ಸುಕುಮಾರ್ ಸೇನ್‌ರವರ ಹೆಸರನ್ನೂ, ಹೆಸರು ಹೇಳದೇ ಮತ ಕಳೆದುಕೊಂಡ ಆ 28 ಲಕ್ಷ ತಾಯಂದಿರ ಕಥೆಯನ್ನೂ ಹೇಳಿರಿ. ಮಕ್ಕಳು ಮನೆಗೆ ಹೋಗಿ ತಮ್ಮ ತಾಯಿಯ ಹೆಸರನ್ನು ಪಟ್ಟಿಯಲ್ಲಿ ಹುಡುಕಲಿ.